ಖಾಲಿ ಬೇರೆ, ಸೊನ್ನೆ ಬೇರೆ

ಫ್ರಾನ್ಸ್ ದೇಶದ ಊರುಗಳೆಲ್ಲ ನನ್ನ ಮೇಜಿಗೆ ಬಂದದ್ದು ಒಂದೇ ಒಂದು ಸಿ.ಡಿ.ಯಲ್ಲಿ. ಮೂವತ್ತಾರು ಸಾವಿರಕ್ಕೂ ಹೆಚ್ಚು ಊರುಗಳು. ಅಲ್ಲಿಯವರೆಗೆ ಪ್ಯಾರಿಸ್ ಒಂದನ್ನು ಬಿಟ್ಟರೆ ಆ ದೇಶದ ಇನ್ನೊಂದು ಊರಿನ ಹೆಸರನ್ನು ನಾನು ನೆಟ್ಟಗೆ ಉಚ್ಚರಿಸಿದವಳಲ್ಲ.

ಎರಡು ಸಾವಿರದ ಇಸವಿ ಬಂದ ದಿನ ಕಂಪ್ಯೂಟರುಗಳೆಲ್ಲ ತಲೆಕೆಳಗಾಗುತ್ತವೆ ಎಂದು ಹುಯಿಲೆದ್ದಿದ್ದ ಕಾಲ ಅದು. ಎಡಿಸನ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ, ನನ್ನ ಗಂಡನೂ ಸೇರಿ, ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳಲ್ಲಿ ಕೂತು ಇಸವಿ ತಿದ್ದುತ್ತಿದ್ದರು. ನಾನೊಬ್ಬಳು ಪ್ರಿನ್ಸ್‌ಟನ್ ಹತ್ತಿರ, ರೂಟ್ ಒನ್ ಪಕ್ಕದ ಸಣ್ಣ ಕಂಪನಿಯೊಂದರಲ್ಲಿ ಊರು ತಿದ್ದುತ್ತಿದ್ದೆ. ಶಾಲೆಯ ಲೈಬ್ರರಿಗಳಿಗಾಗಿ ಜಗತ್ತಿನ ಊರುಗಳನ್ನೆಲ್ಲ ಸಿ.ಡಿ.ಗೆ ತುಂಬುವ ಕೆಲಸ ನಮ್ಮದು. ಹುಡುಗರು ಊರಿನ ಹೆಸರು ಟೈಪ್ ಮಾಡಿದರೆ ನಕ್ಷೆ, ಜನಸಂಖ್ಯೆ, ಕೆಲವು ಊರುಗಳಿಗೆ ನಾಲ್ಕು ಸಾಲಿನ ಭೂಗೋಳ, ಚರಿತ್ರೆ ಬರಬೇಕು.

ಒಂದೊಂದು ದೇಶ ಒಂದೊಂದು ಬಗೆಯಲ್ಲಿ ಪಟ್ಟಿ ಕಳಿಸುತ್ತಿತ್ತು. ಅದನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ಡೇಟಾಬೇಸಿಗೆ ಹಾಕುವ ಪ್ರೋಗ್ರಾಮು ನನ್ನದು. ಅದರಲ್ಲಿ ನಾನು ಬರೆದ ನಿಯಮಗಳು ಇದ್ದವು. ಒಂದೇ ಊರು ಎರಡು ಸಲ ಬಂದರೆ ಒಂದನ್ನು ತೆಗೆ, ಅಕ್ಷಾಂಶ, ರೇಖಾಂಶ ಸಮುದ್ರದೊಳಗೆ ಬಿದ್ದರೆ ತೆಗೆ, ಹೀಗೆ. ಏಳನೆಯ ನಿಯಮದ ಬಗ್ಗೆ ನನಗೆ ತುಸು ಜಂಬವೇ ಇತ್ತು. ಜನಸಂಖ್ಯೆಯ ಜಾಗ ಖಾಲಿ ಇದ್ದರೆ, ಅಥವಾ ಅಲ್ಲಿ ಸೊನ್ನೆ ಇದ್ದರೆ, ಆ ಸಾಲನ್ನು ಬೇರೊಂದು ಫೈಲಿಗೆ ಎಸೆ. ಆ ಫೈಲಿಗೆ ನಾವು ಕಸದಬುಟ್ಟಿ ಎನ್ನುತ್ತಿದ್ದೆವು. ಹಿಂದೆ ಒಂದು ದೇಶದವರು ಲೆಕ್ಕ ಸಿಗದ ಕಡೆಯಲ್ಲೆಲ್ಲ ಸೊನ್ನೆ ತುಂಬಿ ಕಳಿಸಿ, ದೊಡ್ಡ ದೊಡ್ಡ ಪಟ್ಟಣಗಳಲ್ಲೂ ಜನವೇ ಇಲ್ಲದಂತಾಗಿತ್ತು. ಆಗ ಈ ನಿಯಮ ಬರೆದು ನಾನು ಭೇಷ್ ಅನ್ನಿಸಿಕೊಂಡಿದ್ದೆ.

ಫ್ರಾನ್ಸಿನ ಸಣ್ಣ ಊರುಗಳ ಟಿಪ್ಪಣಿ ಬರೆಯಲು ಒಬ್ಬ ನಿವೃತ್ತ ಫ್ರೆಂಚ್ ಟೀಚರು ಮಂಗಳವಾರ, ಗುರುವಾರ ಬರುತ್ತಿದ್ದರು. ಅರವತ್ತು ದಾಟಿದವರು. ಆಫೀಸಿನವರೆಲ್ಲ ಅವರನ್ನು ಮದಾಂ ಎನ್ನುತ್ತಿದ್ದರು. ಕಂಪ್ಯೂಟರನ್ನು ಮುಟ್ಟುತ್ತಿರಲಿಲ್ಲ. ಹಳದಿ ಹಾಳೆಯ ಪ್ಯಾಡಿನಲ್ಲಿ ಪೆನ್ಸಿಲಿನಿಂದ ಬರೆದು, ಮೇಲ್ಗಡೆ ಊರಿನ ಸಂಖ್ಯೆ ಹಾಕಿ ಕೊಡುತ್ತಿದ್ದರು. ಫ್ರಾನ್ಸಿನಲ್ಲಿ ಪ್ರತಿ ಊರಿಗೂ ಐದು ಅಂಕಿಯ ಸಂಖ್ಯೆ ಇದೆ, ಮೊದಲೆರಡು ಜಿಲ್ಲೆಯವು. ಇನ್ನೊಬ್ಬರು ಅದನ್ನು ಟೈಪ್ ಮಾಡಿದ ಮೇಲೆ ನನ್ನ ಪ್ರೋಗ್ರಾಮು ಆ ಸಂಖ್ಯೆ ನೋಡಿ ಟಿಪ್ಪಣಿಯನ್ನು ಊರಿಗೆ ಅಂಟಿಸುತ್ತಿತ್ತು.

ಫೆಬ್ರವರಿಯ ಒಂದು ಗುರುವಾರ ಎಲ್ಲ ಟಿಪ್ಪಣಿಗಳನ್ನೂ ಒಟ್ಟಿಗೆ ಅಂಟಿಸಿದೆ. ಒಂದೇ ಒಂದು ಮಾತ್ರ ಉಳಿಯಿತು. ಐವತ್ತೈದರಿಂದ ಶುರುವಾಗುವ ಸಂಖ್ಯೆ. ಅದಕ್ಕೆ ಅಂಟಿಕೊಳ್ಳಲು ಊರೇ ಇರಲಿಲ್ಲ. ನಾನು ಪ್ಯಾಡು ಹಿಡಿದುಕೊಂಡು ಮದಾಂ ಹತ್ತಿರ ಹೋಗಿ, ನಿಮ್ಮ ಸಂಖ್ಯೆ ತಪ್ಪಿದೆ, ಇಂಥ ಊರು ಇಲ್ಲ ಎಂದೆ.

ಅವರು ಪೆನ್ಸಿಲನ್ನು ಕೆಳಗಿಟ್ಟರು. ಮುಖ ಕೆಂಪಾಯಿತು. ನೋಡುತ್ತೇನೆ ಎಂದಷ್ಟೇ ಹೇಳಿ ಕೋಟು ಹಾಕಿಕೊಂಡು ಹೊರಟುಹೋದರು. ಸಂಖ್ಯೆ ತಪ್ಪು ಬರೆದಿದ್ದಕ್ಕೆ ಇಷ್ಟು ಬಿಂಕವೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ನನ್ನ ಬಾಯಿಯಿಂದ ಯಾವ ಮಾತು ಬಂದಿತ್ತೆಂದು ಗೊತ್ತಾಗಿದ್ದು ಮುಂದಿನ ಮಂಗಳವಾರ.

ಅವತ್ತು ಅವರು ಯೂನಿವರ್ಸಿಟಿ ಲೈಬ್ರರಿಯಿಂದ ಒಂದು ಸರಕಾರಿ ಪಟ್ಟಿಯ ಫೋಟೋಕಾಪಿ ತಂದಿದ್ದರು. ಸಂಖ್ಯೆ ಸರಿಯಾಗಿಯೇ ಇತ್ತು, ಹೆಸರೂ ಇತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು ಅವರು ಹೇಳಿದರು: ಅದು ನನ್ನ ತಾಯಿ ಹುಟ್ಟಿದ ಊರು. ಆಕೆಗೆ ಬರುವ ತಿಂಗಳು ತೊಂಬತ್ತು ತುಂಬುತ್ತದೆ. ಇಲ್ಲೇ ಪಿಸ್ಕಾಟವೇ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿದ್ದಾಳೆ. ಈ ದೇಶಕ್ಕೆ ಬಂದು ಹಡಗಿಳಿದ ದಿನದಿಂದ ಪಿಂಚಣಿ ಕಾಗದದವರೆಗೆ ಹೋದಲ್ಲೆಲ್ಲ ಆಕೆಗೆ ಇಂಥ ಊರು ಇಲ್ಲ ಎಂದೇ ಹೇಳಿದ್ದಾರೆ. ಹುಟ್ಟುಹಬ್ಬದ ದಿನ ಹೆಸರು ಟೈಪ್ ಮಾಡಿ, ನೋಡಮ್ಮಾ ಇದೆ ಎಂದು ತೋರಿಸಬೇಕೆಂದೇ ನಾನು ಈ ಕೆಲಸಕ್ಕೆ ಬಂದೆ.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆ ಟಿಪ್ಪಣಿಯನ್ನು ಆಗ ಮೊದಲ ಸಲ ಓದಿದೆ. ಅಲ್ಲಿಯವರೆಗೆ ಮೇಲಿನ ಸಂಖ್ಯೆ ಬಿಟ್ಟು ಕೆಳಗೆ ನೋಡಿದವಳೇ ಅಲ್ಲ. ಮಿಯೂಸ್ ನದಿಯ ಬಲದಂಡೆಯ ಗುಡ್ಡಗಳ ನಡುವೆ, ಒಂದು ಹಳ್ಳ ಹುಟ್ಟುವ ತಗ್ಗಿನಲ್ಲಿ ಊರು. ನೇಗಿಲಿಗೆ ಮೆತ್ತಿಕೊಳ್ಳುವ ಜೇಡಿಮಣ್ಣು. ಗೋಧಿ, ಓಟ್ಸ್, ಚಳಿಗಾಲದಲ್ಲಿ ಕಾಡಿನ ಕಟ್ಟಿಗೆ. ಒಂದೇ ಬೀದಿ, ಒಂದು ಚರ್ಚು, ಹೆಂಗಸರು ಬಟ್ಟೆ ಒಗೆಯಲು ಮಾಡು ಹೊದಿಸಿದ ಒಂದು ಕೊಳ. ಮೊದಲನೆಯ ಮಹಾಯುದ್ಧದ ಎರಡನೆಯ ಚಳಿಗಾಲದಲ್ಲಿ ಸೈನಿಕರು ಬಂದು, ಈಗಲೇ ಹೊರಡಿ ಎಂದರು. ಆಮೇಲೆ ತಿಂಗಳುಗಟ್ಟಲೆ ಫಿರಂಗಿ ಗುಂಡು ಬಿತ್ತು. ಒಂದು ಗೋಡೆಯೂ ಉಳಿಯಲಿಲ್ಲ. ಸಿಡಿಯದ ಗುಂಡುಗಳು ಹೊಲಗಳಲ್ಲಿ ಹೂತುಹೋಗಿದ್ದರಿಂದ ಯಾರೂ ಮತ್ತೆ ಉಳಲಿಲ್ಲ, ಸರಕಾರ ಅಲ್ಲಿ ಪೈನ್ ಮರ ನೆಡಿಸಿತು. ಬೇಕರಿ ಇದ್ದ ಜಾಗ, ಕಮ್ಮಾರಸಾಲೆ ಇದ್ದ ಜಾಗ ಎಂದು ಈಗ ಬರಿಯ ಗುರುತಿನ ಫಲಕಗಳಿವೆ. ಗುಂಡು ಬಿದ್ದ ಗುಂಡಿಗಳಲ್ಲಿ ನೀರು ನಿಂತು ಕಪ್ಪೆಗಳಿವೆ. ಕೊನೆಯ ಸಾಲು ಹೀಗಿತ್ತು: ಊರನ್ನು ಮತ್ತೆ ಕಟ್ಟಲಿಲ್ಲ, ಆದರೆ ಸರಕಾರ ಅದನ್ನು ಊರುಗಳ ಪಟ್ಟಿಯಿಂದ ತೆಗೆಯಲೂ ಇಲ್ಲ. ಇವತ್ತಿಗೂ ಅದಕ್ಕೆ ಒಬ್ಬ ಮೇಯರ್ ಇದ್ದಾನೆ.

ಕಸದಬುಟ್ಟಿಯ ಫೈಲು ತೆಗೆದೆ. ಫ್ರಾನ್ಸಿನವು ಆರು ಊರುಗಳು ಅಲ್ಲಿ ಬಿದ್ದಿದ್ದವು. ಆರೂ ಐವತ್ತೈದರವು, ಆರಕ್ಕೂ ಜನಸಂಖ್ಯೆ ಸೊನ್ನೆ, ಆರನ್ನೂ ಎಸೆದದ್ದು ಏಳನೆಯ ನಿಯಮ.

ನಮ್ಮ ಪ್ರಾಜೆಕ್ಟ್ ಲೀಡ್ ಮೈಸೂರಿನವರು, ಎಡಿಸನ್ನಿನಲ್ಲೇ ಮನೆ. ನಾವಿಬ್ಬರೂ ಒಂದೇ ಕಾರಿನಲ್ಲಿ ಕಮ್ಯೂಟ್ ಮಾಡುತ್ತಿದ್ದೆವು. ದಾರಿಯುದ್ದಕ್ಕೂ ನನ್ನ ಧಾರವಾಡದ ಮಾತನ್ನು ಅಣಕಿಸುವುದು ಅವರಿಗೆ ಬೆಳಗಿನ ಕಾಫಿ ಇದ್ದಹಾಗೆ. ಅವರಿಗೆ ಎಲ್ಲ ಹೇಳಿದೆ.

"ಡೇಟಾ ಹೋದ ವಾರಾನೇ ಫ್ರೀಜ್ ಆಗಿದೆ ಮೇಡಂ, ಇನ್ನು ಮುಟ್ಟೋ ಹಾಗಿಲ್ಲ. ಸೈನ್ ಮಾಡಿರೋದು ನೀವೇ. ಮುಂದಿನ ಶುಕ್ರವಾರ ಮಾಸ್ಟರ್ ಸಿ.ಡಿ. ಕಾಪಿ ಮಾಡೋಕೆ ಹೋಗ್ಬೇಕು. ಈಗ ರೂಲ್ ಚೇಂಜ್ ಮಾಡಿದ್ರೆ ಎಲ್ಲಾ ಕಂಟ್ರೀನೂ ಮತ್ತೆ ರನ್ ಮಾಡ್ಬೇಕು."

"ಬರೇ ಆರ್ ಊರ್ರೀ."

"ಜನಾನೇ ಇಲ್ದಿರೋ ಊರನ್ನ ಯಾವ ಸ್ಕೂಲ್ ಹುಡ್ಗ ಹುಡುಕ್ತಾನೆ, ಹೇಳಿ?" ಎಂದವರು ನನ್ನ ಮುಖ ನೋಡಿ ಮೆತ್ತಗಾದರು. "ಸರಿ, ಒಂದ್ ಕೆಲ್ಸ ಮಾಡಿ. ಆ ಊರಿಗೆ ಪಾಪ್ಯುಲೇಷನ್ ಒಂದು ಅಂತ ಹಾಕ್ಬಿಡಿ. ಫ್ರಾನ್ಸಲ್ಲಿ ಒಬ್ರೇ ಇರೋ ಊರೂ ಇದೆ, ಅದು ಪಾಸ್ ಆಗಿದೆ. ಒಂದೇ ಲೈನು, ಕೈಯಲ್ಲೇ ಸೇರ್ಸಿ. ಯಾರಿಗೂ ಗೊತ್ತಾಗಲ್ಲ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು ಅಂದುಕೊಂಡೆ. ಆ ತಿಂಗಳೇ ನನ್ನ ಎಚ್-ಒನ್ ವೀಸಾ ಮುಂದುವರಿಕೆಯ ಕಾಗದ ಕಂಪನಿಯಿಂದ ಹೋಗಬೇಕಿತ್ತು. ತಪ್ಪು ನನ್ನ ನಿಯಮದ್ದು ಎಂದು ಊರಿಗೆಲ್ಲ ಸಾರುವುದು ನನಗೂ ಬೇಕಿರಲಿಲ್ಲ.

ಗುರುವಾರ ಮದಾಂ ಬಂದಾಗ ಹೆಮ್ಮೆಯಿಂದಲೇ ಹೇಳಿದೆ. ನಿಮ್ಮೂರು ಬರುತ್ತದೆ, ಜನಸಂಖ್ಯೆಯ ಜಾಗದಲ್ಲಿ ಮಾತ್ರ ಒಂದು ಅಂತ ಇರುತ್ತದೆ.

"ಆ ಒಬ್ಬರು ಯಾರು?" ಎಂದು ಕೇಳಿದರು.

ಅವರು ಮುಂದುವರಿಸಿದರು. ನನ್ನ ತಾಯಿಯೂ ಇದನ್ನೇ ಕೇಳುತ್ತಾಳೆ. ಹೋದವರಲ್ಲಿ ಯಾರು ವಾಪಸು ಬಂದರು ಎನ್ನುತ್ತಾಳೆ. ಅವಳ ಇಬ್ಬರು ಅಣ್ಣಂದಿರು ಆ ಯುದ್ಧದಿಂದ ಬರಲೇ ಇಲ್ಲ. ನಾನು ಏನು ಹೇಳಲಿ? ಒಂದು ಬೇಡ. ಹಾಗಾದರೆ ಊರನ್ನು ಬಿಟ್ಟೇ ಬಿಡಿ.

ಹೇಳಿದ್ದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಆ ಫೋಟೋಕಾಪಿಯನ್ನೂ ಕಸದಬುಟ್ಟಿಯ ಪ್ರಿಂಟನ್ನೂ ಊಟದ ಟೇಬಲ್ಲಿನ ಮೇಲೆ ಹರಡಿಕೊಂಡು ಕೂತಿದ್ದೆ. ನನ್ನ ಮಾವನವರು ಆರು ತಿಂಗಳಿಗೆಂದು ಬಂದಿದ್ದರು. ಗದಗ ಕಡೆ ಮೂವತ್ತು ವರ್ಷ ತಲಾಠಿಯಾಗಿ ಊರೂರ ಹೊಲ, ತೆರಿಗೆಯ ದಫ್ತರ ನೋಡಿಕೊಂಡಿದ್ದವರು. ಹಿಮ ಬಿದ್ದು ಹೊರಗೆ ಕಾಲಿಡುವಂತಿರಲಿಲ್ಲ. ಟಿ.ವಿ.ಯ ಇಂಗ್ಲಿಷು ಹಿಡಿಸುತ್ತಿರಲಿಲ್ಲ. ಬರೆದ ಕಾಗದ ಯಾವುದೇ ಇರಲಿ, ಕಂಡರೆ ಕನ್ನಡಕ ಏರಿಸುತ್ತಿದ್ದರು.

"ಏನವಾ ಇದು, ಸಾಲಿಗೆಲ್ಲ ಸೊನ್ನಿ?"

"ಊರ್ರಿ ಮಾವಾರ. ಜನ ಇಲ್ಲ. ನನ್ನ ಪ್ರೋಗ್ರಾಮು ತೆಗದ್ ಒಗದೈತಿ."

"ಬೇಚರಾಕ್ ಅನ್ನು."

ನಾನು ತಲೆಯೆತ್ತಿ ನೋಡಿದೆ. ಆ ಮಾತನ್ನು ನಾನು ಚಿಕ್ಕವಳಿದ್ದಾಗ ಕೇಳಿದ್ದೆ, ಏನೆಂದು ಕೇಳಿಕೊಂಡಿರಲಿಲ್ಲ.

"ಚಿರಾಗ ಅಂದ್ರ ದೀಪ. ಬೇ ಅಂದ್ರ ಇಲ್ಲ. ದೀಪ ಹಚ್ಚವರು ಯಾರೂ ಉಳಿದಿಲ್ಲದ ಊರು. ನನ್ನ ಕೈಯಾಗ ಎರಡಿದ್ದೂ. ಒಂದು ಪ್ಲೇಗಿನಾಗ ಹೋದದ್ದು, ಇನ್ನೊಂದು ಯಾಕ ಹೋತು ಯಾರಿಗೂ ಗೊತ್ತಿಲ್ಲ. ಹಂಗಂತ ದಫ್ತರದಾಗಿಂದ ತೆಗೀತೇವೇನು? ಹೊಲದ ಶಿವಾರ ಐತಿ, ಗಡಿ ಕಲ್ಲು ಅದಾವು, ಊರ ಹನುಮಪ್ಪ ಅದಾನ. ವರ್ಷಾ ಜಮಾಬಂದಿಗೆ, ಕಂದಾಯದ ಲೆಕ್ಕಕ್ಕ, ಹೋಗಬೇಕು, ನೋಡಬೇಕು, ಬರೀಬೇಕು."

"ಜನದ ಕಾಲಮ್ಮಿನಾಗ ಏನ್ ಬರೀತಿದ್ರಿ? ಖಾಲಿ ಬಿಡ್ತಿದ್ರೇನು?"

ಅವರಿಗೆ ಸಿಟ್ಟೇ ಬಂತು. "ಖಾಲಿ ಯಾಕ ಬಿಡ್ಲಿ? ಖಾಲಿ ಬಿಟ್ರ ತಲಾಠಿ ಹೋಗೇ ಇಲ್ಲ ಅಂತರ್ಥ. ಸಾಹೇಬ ಬಂದು ಕಿವಿ ಹಿಂಡತಿದ್ದ. ಸೊನ್ನಿ ಬರದ್ರ, ಹೋಗ್ಯಾನ, ಕಣ್ಣಾರೆ ನೋಡ್ಯಾನ, ಎಣಿಸ್ಯಾನ, ಯಾರೂ ಇಲ್ಲ ಅಂತರ್ಥ. ಖಾಲಿ ಬ್ಯಾರೆ, ಸೊನ್ನಿ ಬ್ಯಾರೆ. ಎರಡೂ ಒಂದಽ ಹೆಂಗ ಆಕ್ಕಾವ?"

ಕಂಪ್ಯೂಟರ್ ಕ್ಲಾಸಿನ ಮೊದಲ ವಾರದಲ್ಲೇ ಇದನ್ನು ಹೇಳಿಕೊಡುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಸಮಯ ಬಂದಾಗ ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿ ಕಸಕ್ಕೆ ಎಸೆದಿದ್ದೆ.

ಮದಾಂ ಟಿಪ್ಪಣಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಮೇಯರ್ ಇದ್ದಾನೆ ಎಂಬಲ್ಲಿಗೆ ಬಂದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಳೂರಿಗೆ ಉಳಿದವನಽ ಗೌಡ ಅಂತಾರಲ್ಲ, ಅಲ್ಲೀನೂ ಹಂಗ ಅನ್ನು!" ಆಮೇಲೆ ನಗು ನಿಲ್ಲಿಸಿ, "ಅಲ್ಲವಾ, ಇಲ್ಲಿ ಉಳದವರಽ ಇಲ್ಲ. ಆದ್ರೂ ಗೌಡನ್ನ ಇಟ್ಟಾರ. ಶಾಣ್ಯಾ ಮಂದಿ" ಎಂದರು.

ಸೋಮವಾರ ಕಾರಿನಲ್ಲಿ ಲೀಡ್‌ಗೆ ಹೇಳಿದೆ. ತಪ್ಪು ಫ್ರಾನ್ಸಿನ ಪಟ್ಟಿಯದಲ್ಲ, ನನ್ನದು. ನಾನೇ ಬರೆದುಕೊಡುತ್ತೇನೆ. ಫ್ರೀಜ್ ತೆಗೆಯಿರಿ.

ಅವರು ರಸ್ತೆಯಿಂದ ಇಳಿಯಬೇಕಿದ್ದ ಎಕ್ಸಿಟ್ಟನ್ನೇ ದಾಟಿ ಮುಂದೆ ಹೋಗಿಬಿಟ್ಟರು. "ತಲೆ ಸರಿ ಇದ್ಯಾ ನಿಮ್ಗೆ? ಎಚ್-ಒನ್ ಪೇಪರ್ ಇರೋವಾಗ ನಾನೇ ತಪ್ಪು ಮಾಡ್ದೆ ಅಂತ ಯಾರಾದ್ರೂ ಬರ್ಕೊಡ್ತಾರೇನ್ರೀ?"

ನಾನು ಬೇಚರಾಕ್ ವಿಷಯ ಹೇಳಿದೆ. ತಲಾಠಿ ಹೋಗಿದ್ದಾನೋ ಇಲ್ಲವೋ ಅನ್ನುವ ಮಾತನ್ನೂ ಹೇಳಿದೆ. ಅವರು ಆಫೀಸಿನ ಪಾರ್ಕಿಂಗ್ ಬರುವವರೆಗೂ ಅಣಕಿಸಲಿಲ್ಲ. ಕಾರು ನಿಲ್ಲಿಸಿ ಒಂದು ಷರತ್ತು ಹಾಕಿದರು. ಫ್ರಾನ್ಸಿನ ಎಣಿಕೆ ಆರು ಮಾತ್ರ ಹೆಚ್ಚಬೇಕು. ಬೇರೆ ಯಾವ ದೇಶದ್ದೂ ಒಂದೂ ಬದಲಾಗಬಾರದು. ಬದಲಾದರೆ ಹಳೆಯ ಡೇಟಾನೇ ಹೋಗುತ್ತದೆ, ಊರಿಲ್ಲದೆ.

ಕೆಲಸ ಹೇಳುವಷ್ಟು ಸುಲಭವಿರಲಿಲ್ಲ. ಸೊನ್ನೆಯನ್ನು ಸುಮ್ಮನೆ ಒಳಗೆ ಬಿಟ್ಟರೆ ಹಿಂದೆ ಸೊನ್ನೆ ತುಂಬಿ ಕಳಿಸಿದ್ದ ದೇಶದ ಸುಳ್ಳು ಸೊನ್ನೆಗಳೂ ನುಗ್ಗುತ್ತಿದ್ದವು. ಆದ್ದರಿಂದ ಪ್ರತಿ ದೇಶಕ್ಕೂ ಒಂದು ಗುರುತು ಸೇರಿಸಿದೆ. ಇವರ ಸೊನ್ನೆ ಎಣಿಸಿದ ಸೊನ್ನೆಯೋ, ತುಂಬಿದ ಸೊನ್ನೆಯೋ? ಪಟ್ಟಿಯ ಜೊತೆ ಬಂದ ಕೈಪಿಡಿಗಳನ್ನು ಒಂದೊಂದಾಗಿ ಓದಿದೆ. ಎಣಿಸಿದ್ದು ಎಂದು ಖಾತ್ರಿಯಾದರೆ ಮಾತ್ರ ಒಳಗೆ, ಅನುಮಾನವಿದ್ದರೆ ಹಿಂದಿನಂತೆ ಹೊರಗೆ. ಮಂಗಳವಾರ ಮೊದಲ ಸಲ ಓಡಿಸಿದಾಗ ಫ್ರಾನ್ಸ್ ಆರು ಹೆಚ್ಚಿತು, ಆದರೆ ಬೇರೊಂದು ದೇಶದಲ್ಲಿ ಒಂದು ಊರು ಕಡಿಮೆಯಾಯಿತು. ಅರ್ಧ ದಿನ ಹುಡುಕಿದ ಮೇಲೆ ನಾನು ಗುರುತು ಸೇರಿಸುವಾಗ ಒಂದು ಸಾಲನ್ನು ಅಳಿಸಿದ್ದೆನೆಂದು ಸಿಕ್ಕಿತು. ಬುಧವಾರ ಸಂಜೆಯ ಹೊತ್ತಿಗೆ ಎಣಿಕೆ ಕೂಡಿಬಂತು.

ಗುರುವಾರ ಮದಾಂ ಬರುವ ಮೊದಲು ನಾನೇ ಒಂದು ಸಲ ನೋಡೋಣವೆಂದು ಊರಿನ ಹೆಸರು ಟೈಪ್ ಮಾಡಿದೆ. ನಕ್ಷೆ ಬಂತು, ಟಿಪ್ಪಣಿ ಬಂತು. ಜನಸಂಖ್ಯೆಯ ಮುಂದೆ "ಮಾಹಿತಿ ಲಭ್ಯವಿಲ್ಲ" ಎಂದು ಬಂತು.

ಡೇಟಾಬೇಸಿನಲ್ಲಿ ಸೊನ್ನೆ ಇತ್ತು. ಪರದೆಗೆ ಬರುವಾಗ ಅದು ಮಾಯವಾಗುತ್ತಿತ್ತು. ಪರದೆಯ ಪ್ರೋಗ್ರಾಮು ನನ್ನದಲ್ಲ. ತೆಗೆದು ನೋಡಿದೆ. ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ತೋರಿಸು, ಇಲ್ಲದಿದ್ದರೆ ಲಭ್ಯವಿಲ್ಲ ಎನ್ನು. ಬರೆದವರ ಹೆಸರು ಮೇಲೆಯೇ ಇತ್ತು. ನಮ್ಮ ಲೀಡ್.

ಅವರನ್ನು ಕರೆದು ಪರದೆ ತೋರಿಸಿದೆ. ಅವರು ಸಾಲನ್ನು ಓದಿದರು, ಮತ್ತೊಮ್ಮೆ ಓದಿದರು.

"ಇದನ್ನ ಬರ್ದಿದ್ದು ನಾನು."

"ಹೌದ್ರಿ."

"ಅಂದ್ರೆ ನಾನೂ ಜಮಾಬಂದಿಗೆ ಹೋಗ್ದೇ ಇರೋ ತಲಾಠಿ."

ಅವರೇ ಕುರ್ಚಿ ಎಳೆದುಕೊಂಡು ಕೂತು ಆ ಸಾಲನ್ನು ತಿದ್ದಿದರು. ನಾನು ಬರೆದ ತಪ್ಪೊಪ್ಪಿಗೆಯ ಕಾಗದದ ಕೆಳಗೆ, ಕೇಳದೆಯೇ ತಮ್ಮ ಹೆಸರನ್ನೂ ಸೇರಿಸಿದರು. ಆ ಉಪಕಾರವನ್ನು ನಾನು ಮರೆತಿಲ್ಲ. ಶುಕ್ರವಾರ ಮಾಸ್ಟರ್ ಹೋಯಿತು, ನನ್ನ ಎಚ್-ಒನ್ ಕಾಗದವೂ ಆಮೇಲೆ ತೊಂದರೆಯಿಲ್ಲದೆ ಹೋಯಿತು.

ಹುಟ್ಟುಹಬ್ಬ ಒಂದು ಶನಿವಾರ ಬಿತ್ತು. ನರ್ಸಿಂಗ್ ಹೋಮಿನಲ್ಲಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಆಫೀಸಿನ ಲ್ಯಾಪ್‌ಟಾಪ್ ತರಲು ಮದಾಂ ನನ್ನನ್ನು ಕೇಳಿಕೊಂಡಿದ್ದರು. ಮಾವನವರೂ ಸ್ವೆಟರು, ಉಲ್ಲನ್ ಟೋಪಿ ಹಾಕಿಕೊಂಡು, ನಾನೂ ಬರ್ತೇನಿ ಎಂದು ಕಾರು ಹತ್ತಿದರು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆ ಮುದುಕಿ ಕೂತಿದ್ದರು. ಹಿಡಿಯಷ್ಟು ಜೀವ, ಕಣ್ಣು ಮಾತ್ರ ಚುರುಕು. ಮದಾಂ ತಾಯಿಯ ಬೆರಳನ್ನು ಹಿಡಿದು ಒಂದೊಂದೇ ಅಕ್ಷರ ಒತ್ತಿಸಿದರು. ಗುಡ್ಡಗಳ ನಡುವಿನ ತಗ್ಗು, ಅದರಲ್ಲೊಂದು ಚುಕ್ಕಿ ಬಂತು. ಮದಾಂ ಟಿಪ್ಪಣಿ ಓದಿದರು. ಬಟ್ಟೆ ಒಗೆಯುವ ಕೊಳದ ಮಾತು ಬಂದಾಗ ತಾಯಿ ಏನೋ ತಿದ್ದಿದರು. ಆಮೇಲೆ ಪರದೆಯ ಹತ್ತಿರ ಬಾಗಿ ಜನಸಂಖ್ಯೆಯ ಸಾಲಿನ ಮೇಲೆ ಬೆರಳಿಟ್ಟರು.

ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಒಂದು ಮಾತು ಹೇಳಿದರು. ಮದಾಂ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: "ಸರಿಯಾಗಿ ಎಣಿಸಿದ್ದಾರೆ ಅನ್ನುತ್ತಾಳೆ."

ನನಗೆ ಅಳು ಬಂತು, ಅತ್ತುಬಿಟ್ಟೆ.

ಅಳುತ್ತಲೇ ಮಾವನವರನ್ನು ತೋರಿಸಿ, ಈ ಸೊನ್ನೆ ಉಳಿದದ್ದು ಇವರಿಂದ ಎಂದೆ. ನಮ್ಮ ಕಡೆ ಇಂಥ ಊರಿಗೆ ದೀಪವಿಲ್ಲದ ಊರು ಎನ್ನುತ್ತಾರೆ, ಇವರು ಅಂಥ ಎರಡು ಊರುಗಳ ದಫ್ತರ ಇಟ್ಟವರು ಎಂದೂ ಹೇಳಿದೆ. ಮದಾಂ ಅದನ್ನು ಫ್ರೆಂಚಿನಲ್ಲಿ ತಾಯಿಗೆ ತಿಳಿಸಿದರು. ಮುದುಕಿ ಮಾವನವರನ್ನೇ ನೋಡುತ್ತ ಒಂದು ಪ್ರಶ್ನೆ ಕೇಳಿದರು. ಅದು ಫ್ರೆಂಚಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನನ್ನ ಬಾಯಲ್ಲಿ ಕನ್ನಡಕ್ಕೆ ಬಂತು.

"ಹಂಗಾರ ಆ ಊರಾಗ ದೀಪ ಯಾರೂ ಹಚ್ಚೂದಽ ಇಲ್ಲೇನು ಅಂತ ಕೇಳ್ತಾರ್ರಿ."

ಮಾವ ತಡವರಿಸಿದರು. ಯಾವುದೋ ಹಳೆಯ ತಪ್ಪಿಗೆ ಸಿಕ್ಕಿಬಿದ್ದವರ ಹಾಗೆ ನನ್ನ ಮುಖ ನೋಡಿದರು.

"ನಾನಽ ಹಚ್ಚತಿದ್ದೆ. ಜಮಾಬಂದಿಗೆ ಹೋದಾಗೊಮ್ಮೆ ಕಿಸೇದಾಗ ಬತ್ತಿ, ಒಂದ್ ಚೂರ್ ಎಣ್ಣಿ ಒಯ್ತಿದ್ದೆ. ದಫ್ತರದಾಗ ಬೇಚರಾಕ್ ಅಂತ ಬರದು, ಅದಽ ಕೈಲೆ ಹನುಮಪ್ಪಗ ದೀಪಾ ಹಚ್ಚಿ ಬರ್ತಿದ್ದೆ. ಅವತ್ತಿನ ಮಟ್ಟಿಗೆ ನಾ ಬರದದ್ದು ಸುಳ್ಳಽ ಆಗ್ತಿತ್ತು. ಸಾಹೇಬರಿಗೆ ಹೇಳಲಿಲ್ಲ."

ನಾಲ್ಕು ವರ್ಷದಿಂದ ಅವರ ಮನೆಯ ಸೊಸೆಯಾಗಿದ್ದ ನನಗೂ ಇದು ಗೊತ್ತಿರಲಿಲ್ಲ. ಮಾತು ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಫ್ರೆಂಚಿಗೆ ಹೋಯಿತು. ಮುದುಕಿ ಮೊದಲು ನಕ್ಕರು. ಆಮೇಲೆ ಕೈ ಚಾಚಿ ಮಾವನವರ ಕೈ ಹಿಡಿದು, ಮೆಲ್ಲಗೆ ಏನೋ ಹೇಳಿದರು. ಹಾಗಾದರೆ ನಿಮ್ಮ ಆ ಊರುಗಳಿಗೂ ಒಬ್ಬ ಮೇಯರ್ ಇದ್ದ ಅನ್ನಿ ಎಂದರಂತೆ.

ಅದನ್ನು ಮಾವನಿಗೆ ಹೇಳಿದೆ. ಅವರು ಇನ್ನೊಂದು ಕೈಯಿಂದ ಟೋಪಿ ತೆಗೆದರು.

"ಹಾಳೂರಿಗೆ ಉಳಿದವನಽ ಗೌಡ ಅಂತ ಹೇಳವಾ ಅಜ್ಜಿಗೆ," ಎಂದರು. ಈ ಸಲ ಅವರು ನಗಲಿಲ್ಲ.

ಮದಾಂ ನನ್ನ ಬಾಯನ್ನೇ ನೋಡುತ್ತ ಕಾದಿದ್ದರು. ಅದನ್ನು ಇಂಗ್ಲಿಷಿಗೆ ಹೇಗೆ ತರಬೇಕೆಂದು ನನಗೆ ತಿಳಿಯಲಿಲ್ಲ.